ಎರಡು ವೈರಿನ ಕುಂಕುಮ

ಚನ್ನವೀರನ ಹೆಬ್ಬೆರಳು ವೈರಿನ ತುದಿಯ ಕುಂಕುಮ ಮುಟ್ಟುವಷ್ಟರಲ್ಲಿ ಗಿರಿಜಾದೇವಿ ಅವನ ಮಣಿಕಟ್ಟು ಹಿಡಿದಳು. "ಅಳಿಸಬೇಡಪ್ಪ. ಇವತ್ತು ಬೇಡ."

ಸಾರಕ್ಕಿಯ ಅವಳ ಬ್ರೌಸಿಂಗ್ ಸೆಂಟರಿನಲ್ಲಿ ಆಯುಧಪೂಜೆ ಆಗಷ್ಟೇ ಮುಗಿದಿತ್ತು. ಲಿನಕ್ಸ್ ಹಾಕಿದ ಮುಖ್ಯ ಕಂಪ್ಯೂಟರಿಗೆ ಎರಡು ನೆಟ್‌ವರ್ಕ್ ಕಾರ್ಡು: ಒಂದಕ್ಕೆ ಹೊರಗಿನ ಇಂಟರ್‌ನೆಟ್ ವೈರು, ಇನ್ನೊಂದಕ್ಕೆ ಒಳಗಿನ ಆರು ಕಂಪ್ಯೂಟರುಗಳ ವೈರು. ಎರಡೂ ಗೋಡೆಯ ಒಂದೇ ಪೈಪಿನಿಂದ ಬರುತ್ತಿದ್ದವು. ಗುರುತಿಗೆಂದು, ಅವನ್ನು ರಿಪೇರಿ ಮಾಡುವ ಚನ್ನವೀರ ಹೊರಗಿನದರ ತುದಿಗೆ ಕೆಂಪು ನೇಲ್ ಪಾಲಿಶ್ ಚುಕ್ಕೆ ಇಟ್ಟಿದ್ದ. ಧೂಳು ಒರೆಸಲು ಎರಡನ್ನೂ ಬಿಚ್ಚಿದ ಗಿರಿಜಾದೇವಿ ಎರಡರ ತುದಿಗೂ ಕುಂಕುಮ ಹಚ್ಚಿಬಿಟ್ಟಿದ್ದಳು; ಚುಕ್ಕೆ ಮುಚ್ಚಿಹೋಗಿತ್ತು.

"ಅದಲುಬದಲಾದ್ರೆ ಇಡೀ ಏರಿಯಾ ನೆಟ್ ಕೆಡುತ್ತೆ ಅಕ್ಕ. ಇನ್ನೊಂದ್ಸಲ ಹಾಗಾದ್ರೆ ಲೈನೇ ಕಟ್ ಅಂದಿದ್ದಾರೆ ಕೇಬಲ್‌ನೋರು. ಒರೆಸಿ ನೋಡ್ಲೇಬೇಕು."

ಅವಳ ಗಂಡ ಕುವೈತಿನಿಂದ ಇರಾಕಿಗೆ ಲಾರಿ ಓಡಿಸುತ್ತಿದ್ದ. ನಾಲ್ಕು ದಿನದಿಂದ ಮೇಲ್ ಇಲ್ಲ. ಟೀವಿ ಹಾಕಿದರೆ ಒತ್ತೆಯಾಳಾದ ಡ್ರೈವರುಗಳ ಮುಖಗಳು. ಹಬ್ಬಕ್ಕೆ ಬೇರೆ ಸೆಂಟರುಗಳೆಲ್ಲ ಬಾಗಿಲು ಹಾಕಿದ್ದವು. ಮೇಲ್ ನೋಡಬೇಕೆಂದರೆ ಇಲ್ಲೇ ನೋಡಬೇಕು. ಅದಕ್ಕಾಗಿ ಈ ದಿನ, ತನ್ನ ಕಣ್ಣೆದುರೇ, ಕುಂಕುಮ ಒರೆಸುವುದೇ? ಅವಳು ಚನ್ನವೀರನ ಕೈ ಬಿಡಲಿಲ್ಲ.

ಕೊನೆಗೆ ಅವಳೇ ಒಂದು ವೈರು ಎತ್ತಿಕೊಂಡಳು. ಕಣ್ಣು ಬಿಗಿಯಾಗಿ ಮುಚ್ಚಿ ಸೆರಗಿನ ತುದಿಯಿಂದ ಒರೆಸಿದಳು. ತೆರೆದು ನೋಡಿದರೆ ಚುಕ್ಕೆ ಇರಲಿಲ್ಲ, ಬರೀ ಬೂದುಬಣ್ಣದ ವೈರು.

"ಇದು ಒಳಗಿಂದು," ಎಂದ ಚನ್ನವೀರ, ಇನ್ನೊಂದರತ್ತ ಕೈ ಚಾಚುತ್ತ. "ಯಾವುದಕ್ಕೂ ಅದನ್ನೂ ಒರೆಸಿ..."

"ಗೊತ್ತಾಯ್ತಲ್ಲ!" ಗಿರಿಜಾದೇವಿ ಆ ವೈರನ್ನು ಎದೆಗೊತ್ತಿಕೊಂಡಳು. "ಇದನ್ನ ಕುಂಕುಮ ಇದ್ದ ಹಾಗೇ ಸಿಕ್ಕಿಸು."