ಮೂರನೇ ನಿಮಿಷ

ಸ್ಟಿಕ್ ತಾಗಿದ್ದಂತೂ ನಿಜ. ಗಲ್ಲಕ್ಕೋ, ಹೆಲ್ಮೆಟ್ಟಿನ ಪಟ್ಟಿಗೋ, ಎಲ್ಲೋ ಒಂದು ಕಡೆ ತಾಗಿತ್ತು. ಇಲ್ಲದಿದ್ದರೆ ರೆಫರಿ ಕೈ ಯಾಕೆ ಎತ್ತುತ್ತಿದ್ದ? ಹಾಗಾದರೆ ರಕ್ತವೂ ಅದರಿಂದಲೇ ಬಂದಿರಬಹುದಲ್ಲ? ಡಾಕ್ಟರ ಕೋಣೆಯ ಬೆಂಚಿನ ಮೇಲೆ ಬಾಯಿ ತೆರೆದು ಕೂತ ಎಮೆರಿಕ್ ಇದನ್ನೇ ಮತ್ತೆ ಮತ್ತೆ ಕೇಳಿಕೊಂಡ. ಪ್ರತಿ ಸಲವೂ ನಾಲಿಗೆ ತಾನಾಗಿ ಕೆಳತುಟಿಯ ಒಳಗಿನ ಗಾಯಕ್ಕೆ ಹೋಗಿ, ಅಲ್ಲಿ ಮೂಡಿದ್ದ ತನ್ನದೇ ಹಲ್ಲಿನ ಗುರುತನ್ನು ಮುಟ್ಟಿ ಬರುತ್ತಿತ್ತು.

ಫ್ರಾನ್ಸಿನ ಐಸ್ ಹಾಕಿಯ ಅಗ್ರ ಲೀಗು; ಕ್ವಾರ್ಟರ್ ಫೈನಲಿನ ಏಳನೇ ಪಂದ್ಯ. ಸೋತವರ ಋತು ಅಲ್ಲಿಗೇ ಮುಗಿಯುತ್ತದೆ. ಎರಡೂ ಕಡೆ ಎರಡೆರಡು ಗೋಲು, ಉಳಿದಿದ್ದು ಏಳು ನಿಮಿಷ. ಆಗ ಎದುರು ತಂಡದ ಕ್ಯಾಪ್ಟನ್ ಗ್ರೆಗ್ವಾರನ ಸ್ಟಿಕ್ ಮೇಲೆದ್ದು ಎಮೆರಿಕನ ಮುಖ ಸವರಿತು. ಅಂಥ ತಪ್ಪಿಗೆ ಎರಡು ನಿಮಿಷ ಹೊರಗೆ ಕೂರಬೇಕು, ಅಷ್ಟು ಹೊತ್ತು ತಂಡಕ್ಕೆ ಒಬ್ಬ ಕಡಿಮೆ. ರಕ್ತ ಬಂದರೆ ನಾಲ್ಕು ನಿಮಿಷ. ಮೊಣಕಾಲೂರಿ ಮುಖ ಮುಚ್ಚಿಕೊಂಡಿದ್ದ ಎಮೆರಿಕನ ಮೇಲೆ ಬಗ್ಗಿ ರೆಫರಿ, "ರಕ್ತ ಇದ್ಯಾ?" ಎಂದು ಕೇಳಿದ. ಗ್ಲೌಸಿನ ಮರೆಯಲ್ಲಿ ಎಮೆರಿಕ್ ತುಟಿಯನ್ನು ಒಳಗೆಳೆದು ಕಚ್ಚಿದ. ಆಮೇಲೆ ಉಗುಳಿದ. ಬಿಳಿ ಐಸಿನ ಮೇಲೆ ಕೆಂಪು ಬೇಗ ಕಾಣುತ್ತದೆ.

"ಅಲ್ಲಾಡ್ಬೇಡ," ಎಂದರು ಡಾಕ್ಟರ್ ಒಡಿಲ್. ಹದಿನಾರು ವರ್ಷದಿಂದ ಈ ಕ್ಲಬ್ಬಿನವರ ಮುಖ ಹೊಲಿಯುತ್ತಿರುವ ಹೆಂಗಸು. ತುಟಿ ಮಗುಚಿ ನೋಡಿದರು. ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು. "ಹೊರಗಡೆ ಒಂದು ಗೀರೂ ಇಲ್ವಲ್ಲೋ."

"ಒಳಗೆ ಒತ್ತಿರ್ಬೇಕು ಡಾಕ್ಟ್ರೇ."

"ಇರ್ಬೇಕು." ಸೂಜಿ ಎತ್ತಿಕೊಂಡರು. "ಹಲ್ಲು ಮಾತ್ರ ಗಟ್ಟಿಯಾಗಿದೆ ನಿಂದು."

ಮೂಲೆಯ ಟಿ.ವಿ.ಯಲ್ಲಿ ಎರಡು ನಿಮಿಷ ಕಳೆಯಿತು. ಗೋಲಾಗಲಿಲ್ಲ. ರಕ್ತ ಬರದಿದ್ದರೆ ಗ್ರೆಗ್ವಾರ್ ಈಗ ಎದ್ದು ಐಸಿಗೆ ಇಳಿಯುತ್ತಿದ್ದ. ತನ್ನ ತಂಡ ಇನ್ನೆರಡು ನಿಮಿಷ ಗೋಲು ಹೊಡೆಯದಿರಲಿ ಎಂದು ಎಮೆರಿಕ್ ಜೀವನದಲ್ಲಿ ಮೊದಲ ಸಲ ಬಯಸಿದ. ಮೂರನೇ ನಿಮಿಷದಲ್ಲಿ, ಎರಡನೇ ಹೊಲಿಗೆಯ ಗಂಟು ಬೀಳುವಾಗ, ಗೋಡೆ ನಡುಗಿತು. ಅವನ ತಂಡ ಗೋಲು ಹೊಡೆದಿತ್ತು. ಮೇಲೆ ಮರದ ಅಟ್ಟಣಿಗೆಯಲ್ಲಿ ಇಡೀ ಊರು ಕಾಲು ಬಡಿಯುತ್ತಿತ್ತು. ಟಿ.ವಿ.ಯಲ್ಲಿ ಗ್ರೆಗ್ವಾರ್ ಒಬ್ಬನೇ ಗಾಜಿನ ಹಿಂದೆ ತಲೆ ತಗ್ಗಿಸಿ ಕೂತಿದ್ದ.

ಆಮೇಲೆ ಬೇರೆ ಗೋಲಾಗಲಿಲ್ಲ; ಆ ಒಂದು ಗೋಲಿನಿಂದಲೇ ಎಮೆರಿಕನ ತಂಡ ಗೆದ್ದಿತು. ಸರಣಿ ಮುಗಿದಾಗ ಎರಡೂ ತಂಡದವರು ಸಾಲುಗಟ್ಟಿ ಕೈ ಕುಲುಕಬೇಕು, ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಸಾಲಿನಲ್ಲಿ ಹಿಂದಿದ್ದ ಜೊತೆಯಾಟಗಾರ ಆಂಟೆಲ್ಮ್ ಎಮೆರಿಕನ ಬೆನ್ನಿಗೆ ಗುದ್ದಿದ. "ನಿನ್ನ ತುಟಿಗೆ ಊರ ಚೌಕದಲ್ಲಿ ಒಂದು ಪ್ರತಿಮೆ ನಿಲ್ಲಿಸ್ಬೇಕು ಕಣೋ. ಆದ್ರೆ ಇವತ್ತು ನಮಗೆಲ್ಲ ಕರಗಿಸಿದ ಚೀಸು, ನಿನಗೆ ತಣ್ಣಗಿನ ಸೂಪು."

ಎಮೆರಿಕ್ ನಗಲಿಲ್ಲ. ಎದುರು ಸಾಲಿನ ಕೊನೆಗೆ ಗ್ರೆಗ್ವಾರ್ ನಿಂತಿದ್ದ. ಮೂವತ್ತೆಂಟು ವರ್ಷ, ಇದೇ ನನ್ನ ಕೊನೆಯ ಋತು ಎಂದು ಮೊದಲೇ ಹೇಳಿದ್ದ. ಒಂಬತ್ತು ವರ್ಷದ ಹಿಂದೆ ಅವನು ಇದೇ ಕ್ಲಬ್ಬಿನಲ್ಲಿದ್ದ. ಎಮೆರಿಕನ ಮೊದಲ ಅಭ್ಯಾಸದ ದಿನ, ಹೊಸಬನ ಹತೋಟಿಯಿಲ್ಲದ ಸ್ಟಿಕ್ ಗ್ರೆಗ್ವಾರನ ಮುಂದಿನ ಹಲ್ಲು ಮುರಿದಿತ್ತು. ಯಾರದು ಎಂದು ಕೋಚ್ ಗದರಿದಾಗ ಗ್ರೆಗ್ವಾರ್ ಹಲ್ಲನ್ನು ಅಂಗೈಗೆ ಉಗುಳಿ, "ಯಾರೂ ಅಲ್ಲ, ಪಕ್ ಬಿಲ್ಲೆ ಹಾರಿ ಬಂತು," ಎಂದಿದ್ದ.

ಈಗ ಅವನು ಗ್ಲೌಸು ಬಿಚ್ಚಿದ. ಬರಿಗೈಯಲ್ಲಿ ಎಮೆರಿಕನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದ.

"ಎಷ್ಟು ಹೊಲಿಗೆ?"

"ಮೂರು."

"ಮುದುಕನ ಕೈ ನೋಡು, ಎತ್ತಿದ್ದು ಸಮಯಕ್ಕೆ ಇಳಿಯಲ್ಲ." ನಕ್ಕಾಗ ಹಲ್ಲಿಲ್ಲದ ಜಾಗ ಕಂಡಿತು. ನಗು ಅಲ್ಲೇ ನಿಂತಿತು. "ಬೇಕಂತ ಮಾಡಿದ್ದಲ್ಲ ಮರಿ. ನಂಬ್ತೀಯ ತಾನೆ?"

"ನಂಬ್ತೀನಿ," ಎಂದ ಎಮೆರಿಕ್.

ಗ್ರೆಗ್ವಾರ್ ಅವನ ತಲೆ ಸವರಿ ಬಾಗಿಲ ಕಡೆ ಜಾರಿದ. ದಾರಿಯಲ್ಲಿ, ಎಷ್ಟು ಕೆರೆದರೂ ಗುಲಾಬಿ ಬಣ್ಣದಲ್ಲಿ ಉಳಿದಿದ್ದ ಕಲೆ ಎದುರಾಯಿತು. ಅದನ್ನು ತುಳಿಯದೆ ಸುತ್ತಿ ಹೋಗಿ, ಕೊನೆಯ ಸಲ ಐಸಿನಿಂದ ಮೇಲೆ ಹತ್ತಿದ.

ಕಚ್ಚಿಕೊಂಡದ್ದು ನಾನೇ ಎಂದು ಎಮೆರಿಕ್ ಅವನಿಗೆ ಹೇಳಲಿಲ್ಲ. ಅಂದೂ ಇಲ್ಲ, ಆಮೇಲೂ ಇಲ್ಲ.