ಆರಿಯಾ

ಬಿದ್ದು ಎಚ್ಚರ ತಪ್ಪಿದ ಮೂರನೆಯ ದಿನ ಆಸ್ಪತ್ರೆಯ ಮಂಚದ ಮೇಲೆ ಗಂಡ ಮೊದಲ ಸಲ ಬಾಯಿಬಿಟ್ಟ. ಹೆಂಡತಿ ಬಗ್ಗಿ ಕಿವಿಗೊಟ್ಟಳು. "ಆರಿಯಾ," ಎಂದ ಅವನು. ತುಸು ತಡೆದು, ಅವಳೊಡನೆ ಎಂದೂ ಆಡದಷ್ಟು ಮೆತ್ತಗೆ, "ಆರಿಯಾ... ನಿಧಾನ..."

ಅವಳು ತಟ್ಟನೆ ತಲೆಯೆತ್ತಿದಳು. ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದವಳು ತಾನು. ಬಾಯಿಗೆ ಬಂದದ್ದು ಯಾವಳ ಹೆಸರು? ಪಕ್ಕದಲ್ಲಿದ್ದ ನಾದಿನಿ ತನಗೇನೂ ಕೇಳಿಸಲಿಲ್ಲವೆಂದಳು, ಕೇಳಿಸಿಕೊಂಡವಳ ಹಾಗೆ ಮುಖ ತಿರುಗಿಸಿದಳು. ಅಳಬೇಕೋ ಸಿಟ್ಟಾಗಬೇಕೋ ಹೆಂಡತಿಗೆ ತಿಳಿಯಲಿಲ್ಲ. ನಾದಿನಿಯನ್ನು ಅಲ್ಲೇ ಕೂರಿಸಿ, ಚಪ್ಪಲಿ ಮೆಟ್ಟಿ ನೇರ ಬಂದರಿಗೆ ನಡೆದಳು. ದಿನವಿಡೀ ಹಡಗಿನ ಅಂಚಿನಲ್ಲಿ ನಿಂತು ಕ್ರೇನಿಗೆ ಸನ್ನೆ ಕೊಡುವುದು ಗಂಡನ ಕೆಲಸ. ಕ್ರೇನ್ ನಡೆಸುವ ಮುದುಕನಿಗೆ ತಿಳಿಯದ ಗುಟ್ಟು ಯಾವುದಿದ್ದೀತು?

ಮುದುಕ ಟೀ ಕುಡಿಯುತ್ತಿದ್ದ. ನಮ್ಮನೆಯವರ ಬಾಯಲ್ಲಿ ಬಂದ ಈ ಆರಿಯಾ ಯಾರು ಎಂದು ಅವಳು ನೆಲ ನೋಡುತ್ತ ಕೇಳಿದಳು. ಅವನು ಲೋಟ ಕೆಳಗಿಟ್ಟ.

"ಆರಿಯಾ ಹೆಂಗಸಲ್ಲ ತಾಯಿ. ಹುಕ್ಕಲ್ಲಿರೋ ಸರಕು ಕೆಳಗಿಳಿಸು ಅಂತ. ದಿನಕ್ಕೆ ನೂರು ಸಲ ನನಗೇ ಕೂಗ್ತಿದ್ದ."

"ಇಳಿಸು ಅನ್ನೋಕೆ ಇಳಿಸು ಅಂದ್ರೆ ಸಾಲದಾ? ಇದ್ಯಾವ ಭಾಷೆ?"

ಅದು ತನಗೂ ಬಗೆಹರಿದಿಲ್ಲ ಎಂದ ಮುದುಕ. ಹಳೇ ಪೋರ್ಚುಗೀಸ್ ಹಡಗಿನವರ ಮಾತಂತೆ ಎಂದು ಆಫೀಸಿನ ಗುಮಾಸ್ತರು ಹೇಳುತ್ತಾರೆ. ತನಗೆ ಕೆಲಸ ಕಲಿಸಿದವನು ಮಾತ್ರ, ಅದು ಯಾವನೋ ನಾವಿಕನ ಹೆಂಡತಿಯ ಹೆಸರು, ದಡ ಕಂಡಾಗಲೆಲ್ಲ ಕೂಗುತ್ತಿದ್ದನಂತೆ ಎಂದು ಆಣೆ ಮಾಡಿ ಹೇಳಿದ್ದ. ಬಂದರಿಗೆ ಬಂದಿಳಿದ ಮಾತಿನ ಕುಲಗೋತ್ರ ಯಾರು ವಿಚಾರಿಸುತ್ತಾರೆ?

ತಿಳಿಯಾಗುತ್ತಿದ್ದ ನೀರಲ್ಲಿ ಮತ್ತೆ ಕೋಲಾಡಿಸಿದಂತಾಯಿತು. ಹೊರಟವಳು ಎರಡು ಹೆಜ್ಜೆ ಹೋಗಿ ತಿರುಗಿದಳು. "ಮೇಲೆತ್ತು ಅನ್ನೋಕೆ?"

"ಹಬೇಸ್."

ಆ ಮಾತು ಎಲ್ಲಿಯದೆಂದು ಅವಳು ಕೇಳಲಿಲ್ಲ.

ಆಸ್ಪತ್ರೆಗೆ ಮರಳಿದಾಗ ಗಂಡ ಇನ್ನೂ ಆರಿಯಾ ಎನ್ನುತ್ತಲೇ ಇದ್ದ. ದನಿ ಇನ್ನಷ್ಟು ಸಣ್ಣದಾಗಿತ್ತು. ಇಳಿಯುತ್ತಿರುವುದು ಸರಕೋ ಇವನೋ ಅವಳಿಗೆ ಅರ್ಥವಾಗಲಿಲ್ಲ. ಸರಿಯೋ ತಪ್ಪೋ ನೋಡದೆ ಅವನ ಕಿವಿಯ ಬಳಿ ಬಾಗಿ "ಹಬೇಸ್" ಎಂದಳು. ನಾದಿನಿ ಕಣ್ಣರಳಿಸಿ ನೋಡುತ್ತಿದ್ದರೂ ದನಿಯೇರಿಸಿ ಮತ್ತೊಮ್ಮೆ ಅಂದಳು.

ಗಂಡನ ಹುಬ್ಬು ಗಂಟಾಯಿತು. ಕಣ್ಣು ಮುಚ್ಚಿಕೊಂಡೇ, ಕೆಲಸಕ್ಕೆ ಹೊಸಬರಾದವರಿಗೆ ತಿಳಿಹೇಳುವಂತೆ ಅಂದ:

"ಹುಕ್ಕು ಖಾಲಿ ಇದೆ. ಏನನ್ನ ಎತ್ತೋದು?"