ಕುಂಕುಮ ಬಿದ್ದ ಮೀಟರು

ಆಯುಧಪೂಜೆಗೆ ಜೋಡಿಸಿದ್ದ ಕಾರಿನ ಕೀ, ಲ್ಯಾಪ್‌ಟಾಪ್, ಸ್ಕ್ರೂಡ್ರೈವರುಗಳ ನಡುವೆ ಆ ಪುಟ್ಟ ಮೀಟರನ್ನು ಕಂಡು ಋಷಿ ಬಾಗಿಲಲ್ಲೇ ನಿಂತುಬಿಟ್ಟ. ಕದ್ದು ಸೇದುತ್ತಿದ್ದ ವೇಪಿನ, ಅಂದರೆ ಬ್ಯಾಟರಿ ಸಿಗರೇಟಿನ, ಕಾಯಿಲ್ ಪರೀಕ್ಷಿಸಲು ಎರಡು ಮೀಟರು ತರಿಸಿ, ಯಾವುದನ್ನು ಇಟ್ಟುಕೊಳ್ಳುವುದೆಂದು ತೋಚದೆ, ಬೇಸ್‌ಮೆಂಟಿನಲ್ಲಿ ಬಚ್ಚಿಟ್ಟಿದ್ದ. ಈಗ ಒಂದಕ್ಕೆ ಕುಂಕುಮ ಬಿದ್ದಿತ್ತು.

“ಅದು... ಆಫೀಸಿಂದು ಅಮ್ಮಾ,” ಎಂದು ತೊದಲಿದ.

“ನಿಮ್ಮ ಡಿಯರ್‌ಬಾರ್ನ್ ಆಫೀಸಲ್ಲಿ ಕಾರು ಮಾಡೋರಿಗೆ ವೇಪ್ ಮೀಟರ್ ಯಾಕೋ?” ಶಾರದಮ್ಮ ಊದುಬತ್ತಿ ಹಚ್ಚುತ್ತಲೇ ಅಂದರು. “ಬಾಕ್ಸ್ ಮೇಲಿರೋದು ನನಗೂ ಓದೋಕೆ ಬರುತ್ತೆ. ಇನ್ನೊಂದು ಬರೀ ರೆಸಿಸ್ಟೆನ್ಸ್ ತೋರಿಸುತ್ತೆ, ಅದನ್ನ ರಿಟರ್ನ್ ಮಾಡು. ಇದು ಬ್ಯಾಟರಿ ವೋಲ್ಟೇಜೂ ತೋರಿಸುತ್ತೆ. ಅದು ಮುಖದ ಹತ್ರಾನೇ ಸಿಡಿದ್ರೆ ಏನೋ ಗತಿ?”

ಋಷಿ ಬಗ್ಗಿ ಮೀಟರನ್ನು ನೋಡಿದ.

“ಸಿಗರೇಟು ಬಿಟ್ಟೆಯಲ್ಲ, ಇದನ್ನೂ ಬಿಡ್ತೀಯ. ಅಲ್ಲೀವರೆಗೆ ನೋಡ್ಕೊಂಡು ಸೇದು. ಈಗ ಗಂಟೆ ಬಾರಿಸು.”

ಪಕ್ಕದ ಮನೆಗೂ ಕೇಳುವ ಹಾಗೆ ಬಾರಿಸಿದ.